ಖಾಲಿ ಪಿಟ್‌ನ ಮುಂದೆ ನಿಂತವರು

ಎರಡೆರಡು ಕಾರುಗಳು ನೇರ ಟ್ರ್ಯಾಕ್‌ನಲ್ಲಿ ಜೊತೆಜೊತೆಗೆ ಓಡುವ ಡ್ರ್ಯಾಗ್ ರೇಸ್‌ಗೆ ಬಂದ ಅಭಿಮಾನಿ ಬೆಳಿಗ್ಗೆ ಮೊದಲು ಹೋಗುವುದು ಗ್ಯಾಲರಿಗಲ್ಲ, ತಂಡಗಳು ಕಾರು ಬಿಚ್ಚಿ ಕಟ್ಟುವ ಪಿಟ್‌ಗೆ. ಅಮೆರಿಕದಲ್ಲಿ ಈ ಆಟ ನಡೆಸುವ ಎನ್‌ಎಚ್‌ಆರ್‌ಎ ಸಂಸ್ಥೆಯ ಸ್ಪರ್ಧೆಗಳಲ್ಲಿ ಕೊಂಡ ಪ್ರತಿ ಟಿಕೆಟ್ಟೂ ಪಿಟ್ ಪಾಸೇ. ಟ್ರೇಲರ್ ಮುಂದೆ ಕಟ್ಟಿದ ಹಗ್ಗದ ಈಚೆ ನಿಂತು, ನಾಲ್ಕು ಹೆಜ್ಜೆ ದೂರದಲ್ಲಿ ಎಂಜಿನ್ ಬಿಚ್ಚುವುದನ್ನು ನೋಡಬಹುದು. ಸ್ಟಾರ್ಟ್ ಮಾಡಿದಾಗ ನೈಟ್ರೋ ಇಂಧನದ ಹೊಗೆಗೆ ಕಣ್ಣು ಉರಿದು ನೀರು ಸುರಿಯುತ್ತದೆ, ಆದರೂ ಯಾರೂ ಜಾಗ ಬಿಟ್ಟು ಕದಲುವುದಿಲ್ಲ. ಇಷ್ಟು ಹತ್ತಿರದ ಒಡನಾಟ ಇರುವ ಆಟದಲ್ಲಿ ದೊಡ್ಡ ತಂಡವೊಂದು ಬಹುಮಾನದ ಹಣ ಸಾಲದೆಂದು ಬರುವುದಿಲ್ಲ ಎಂದರೆ ಅದು ಕಾಗದದ ಮೇಲಿನ ಸುದ್ದಿಯಾಗಿ ಉಳಿಯುವುದಿಲ್ಲ. ಹಿಂದಿನ ವರ್ಷ ಟ್ರೇಲರ್ ನಿಂತಿದ್ದ ಕಡೆ ಬರಿ ಡಾಂಬರು ಕಾಣುತ್ತದೆ. ಜನ ಆ ಜಾಗಕ್ಕೇ ಬಂದು ಒಂದು ಗಳಿಗೆ ನಿಂತು ಹೋಗುತ್ತಾರೆ. ಕೈಯಲ್ಲಿ ಸಹಿ ಹಾಕಿಸಲೆಂದು ತಂದ ಟೋಪಿ.

ಅಲ್ಲಿ ಮೊದಲು ಕೇಳುವ ಮಾತು, "ಎಷ್ಟಿದ್ದರೂ ಸಾಲದು ಇವರಿಗೆ." ಈ ಸಿಟ್ಟು ಸುಳ್ಳಲ್ಲ. ರಜೆ ಹಾಕಿ, ತಿಂಗಳ ಮುಂಚೆ ಟಿಕೆಟ್ ಕೊಂಡು, ರಾತ್ರಿಯಿಡೀ ಗಾಡಿ ಓಡಿಸಿಕೊಂಡು ಬಂದವರ ಮಾತದು. ಆದರೆ ಹಣ ಎಲ್ಲಿ ಕರಗುತ್ತದೆ ಎಂಬುದಕ್ಕೆ ಉತ್ತರ ಪಕ್ಕದ ಪಿಟ್‌ನಲ್ಲೇ ಇರುತ್ತದೆ. ಓಟ ಮುಗಿಸಿ ಬಂದ, ಅತಿ ವೇಗದ ವರ್ಗವಾದ ಟಾಪ್ ಫ್ಯೂಯಲ್ ಕಾರಿನ ಮುಂದೆ ಮುಕ್ಕಾಲು ಗಂಟೆ ನಿಂತರೆ ಸಾಕು.

ಕಾರು ಸ್ಟ್ಯಾಂಡ್ ಮೇಲೆ ಏರಿದೊಡನೆ ಆಯಿಲ್ ಇಳಿಸುತ್ತಾರೆ. ಅದರಲ್ಲಿ ಉರಿಯದ ಇಂಧನ ಬೆರೆತಿರುತ್ತದೆ, ಮತ್ತೆ ಬಳಸುವಂತಿಲ್ಲ. ಬೆಲ್ಟ್ ಕಳಚಿ ಸೂಪರ್‌ಚಾರ್ಜರ್ ಎತ್ತುತ್ತಾರೆ, ಅದರ ಕೆಳಗಿನ ಮ್ಯಾನಿಫೋಲ್ಡ್, ಎರಡು ಸಿಲಿಂಡರ್ ಹೆಡ್, ಆಮೇಲೆ ಎಂಟೂ ಪಿಸ್ಟನ್‌ಗಳು ರಾಡ್ ಸಮೇತ ಹೊರಬರುತ್ತವೆ. ಇನ್ನೊಬ್ಬರು ಹಿಂದಿನಿಂದ ಕ್ಲಚ್ ಬಿಚ್ಚುತ್ತಾರೆ. ಅದರ ಡಿಸ್ಕ್‌ಗಳು ಒಂದೇ ಓಟಕ್ಕೆ ಸವೆದಿರುತ್ತವೆ. ಸಿಲಿಂಡರ್‌ಗೆ ಎರಡರಂತೆ 16 ಸ್ಪಾರ್ಕ್ ಪ್ಲಗ್. ಅವುಗಳ ತುದಿ ಕರಗಿ ಹೋಗಿರುತ್ತದೆ. ಅಲ್ಯೂಮಿನಿಯಂ ರಾಡ್‌ಗಳ ಆಯುಸ್ಸನ್ನು ಓಟಗಳಲ್ಲಿ ಎಣಿಸುತ್ತಾರೆ, ತಿಂಗಳುಗಳಲ್ಲಲ್ಲ. ಬೇರಿಂಗ್ ಎಷ್ಟು ಅಮುಕಿಕೊಂಡಿದೆ ಎಂದು ಬೆಳಕಿಗೆ ಹಿಡಿದು ನೋಡಿ, ಮುಂದಿನ ಸುತ್ತಿಗೆ ಎಷ್ಟು ಇಂಧನ ಕೊಡಬೇಕು, ಟೈಮಿಂಗ್ ಎಷ್ಟಿರಬೇಕು ಎಂದು ತೀರ್ಮಾನಿಸುತ್ತಾರೆ. ಇಷ್ಟೆಲ್ಲ ನಡೆಯುವುದು ನಾಲ್ಕು ಸೆಕೆಂಡ್ ಕೂಡ ಇಲ್ಲದ, 1,000 ಅಡಿಯ ಒಂದು ಓಟಕ್ಕೆ. 2008ರಲ್ಲಿ ಚಾಲಕ ಸ್ಕಾಟ್ ಕಲಿಟಾ ಅಪಘಾತದಲ್ಲಿ ತೀರಿಕೊಂಡ ಮೇಲೆ ನೈಟ್ರೋ ಕಾರುಗಳ ಓಟವನ್ನು ಕಾಲು ಮೈಲಿಯಿಂದ ಇಷ್ಟಕ್ಕೆ ಇಳಿಸಿದರು. ದೂರ ಕಡಿಮೆಯಾಯಿತು, ಖರ್ಚೇನೂ ಇಳಿಯಲಿಲ್ಲ.

ಇದು ಏನೂ ಕೆಡದಿದ್ದರೆ ಆಗುವ ಖರ್ಚು. ಇಂಧನದಲ್ಲಿ ನೂರಕ್ಕೆ 90 ಭಾಗ ನೈಟ್ರೋಮೀಥೇನ್. ಒಂದು ಸಿಲಿಂಡರ್ ಆರಿಹೋಯಿತೆಂದರೆ ಅದರೊಳಗೆ ಉರಿಯದ ದ್ರವ ತುಂಬುತ್ತದೆ. ದ್ರವವನ್ನು ಅದುಮಲಾಗದು, ಪಿಸ್ಟನ್ ಮೇಲೆ ಬಂದಾಗ ರಾಡ್ ಬಾಗುತ್ತದೆ, ಹೆಡ್ ಎಗರುತ್ತದೆ, ಬ್ಲಾಕೇ ಸೀಳಬಹುದು. ಟ್ರ್ಯಾಕ್ ಮೇಲೆ ಆಯಿಲ್ ಚೆಲ್ಲಿದರೆ ತಂಡಕ್ಕೆ ದಂಡ, ಅಂಕವೂ ಕಡಿತ. ಹಣದ ಕೊರತೆಯಿರುವ ತಂಡ ಹಳೆ ರಾಡ್ ಅನ್ನೇ ಇನ್ನೊಂದು ಓಟಕ್ಕೆ ಹಾಕಿದಾಗ ಈ ಎಲ್ಲವೂ ಒಟ್ಟಿಗೆ ಬಂದು ಬಡಿಯುತ್ತವೆ.

ಬಹುಮಾನದ ಜಗಳದಲ್ಲಿ ಅಭಿಮಾನಿಗಳು ಗೆದ್ದವರ ಚೆಕ್ ಒಂದನ್ನೇ ನೋಡುತ್ತಾರೆ. ನೋಡಬೇಕಾದದ್ದು ಮೊದಲ ಸುತ್ತಿನಲ್ಲೇ ಸೋತವರಿಗೆ ಎಷ್ಟು ಸಿಗುತ್ತದೆ ಎಂಬುದನ್ನು. ಅರ್ಹತಾ ಓಟ ದಾಟಿದ 16 ಕಾರುಗಳಲ್ಲಿ ಎಂಟು, ಸೋತವರು ಹೊರಬೀಳುವ ಭಾನುವಾರದ ಸುತ್ತುಗಳಲ್ಲಿ ಒಂದೇ ಓಟ ಓಡಿ ಗಂಟು ಕಟ್ಟುತ್ತವೆ. ಲಾರಿ, ಸಿಬ್ಬಂದಿ, ಹೋಟೆಲ್, ಅರ್ಹತಾ ಓಟಗಳಲ್ಲಿ ಸುಟ್ಟ ಭಾಗಗಳು, ಇವೆಲ್ಲ ಗೆದ್ದವರಿಗೂ ಸೋತವರಿಗೂ ಒಂದೇ. ಆ ಸೋತವರ ಮೊತ್ತ ಏರದಿದ್ದರೆ ತಂಡ ಪೂರ್ತಿ ಪ್ರಾಯೋಜಕರ ಮೇಲೆ ನಿಲ್ಲಬೇಕು. ಪ್ರಾಯೋಜಕರು ಎಷ್ಟು ಬೇಗ ಎದ್ದು ಹೋಗಬಹುದು ಎಂಬುದು 2020ರಲ್ಲಿ ಕಾಣಿಸಿತು. ಸರಣಿಗೆ ತನ್ನ ಮೆಲ್ಲೋ ಯೆಲ್ಲೋ ಪಾನೀಯದ ಹೆಸರು ಕೊಟ್ಟಿದ್ದ ಕೋಕಾ-ಕೋಲಾ ಹಿಂದೆ ಸರಿಯಿತು, ಎನ್‌ಎಚ್‌ಆರ್‌ಎ ನ್ಯಾಯಾಲಯಕ್ಕೆ ಹೋಯಿತು, ಸರಣಿಯ ನಡುವೆಯೇ ಕ್ಯಾಂಪಿಂಗ್ ವರ್ಲ್ಡ್ ಕಂಪನಿ ಆ ಜಾಗಕ್ಕೆ ಬಂತು.

ಅದೇ ವರ್ಷ ಜುಲೈನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಓಟಗಳು ಮತ್ತೆ ಶುರುವಾದಾಗ ಜಾನ್ ಫೋರ್ಸ್ ತಂಡ ಬರಲಿಲ್ಲ. 16 ಬಾರಿ ಚಾಂಪಿಯನ್ ಆದವರ ತಂಡ. ಅದು ಪ್ರತಿಭಟನೆಯಲ್ಲ, ಸಾಂಕ್ರಾಮಿಕದ ಹೊಡೆತ. ಹಾಗಿದ್ದರೂ ಅಭಿಮಾನಿಗೆ ಕಾಣುವ ಖಾಲಿ ಜಾಗ ಒಂದೇ ಬಗೆಯದು. ಕಾರಣ ಸರಿಯಾಗಿ ತಿಳಿಯದಿದ್ದಲ್ಲಿ ಜನ ಊಹೆ ತುಂಬಿಕೊಳ್ಳುತ್ತಾರೆ. ಬರದಿರುವ ತಂಡ ಮೊದಲು ಮಾಡಬೇಕಾದ ಕೆಲಸ, ಯಾಕೆ ಬರುತ್ತಿಲ್ಲ ಎಂದು ಟಿಕೆಟ್ ಮಾರಾಟಕ್ಕೆ ಮುಂಚೆ ಬಾಯಿಬಿಟ್ಟು ಹೇಳುವುದು.

ಗೈರುಹಾಜರಿ ಮಧ್ಯಾಹ್ನದ ಹೊತ್ತಿಗೆ ಲೆಕ್ಕದಲ್ಲಿ ಕಾಣತೊಡಗುತ್ತದೆ. 16 ಕಾರಿದ್ದರೆ ಅರ್ಹತಾ ಸುತ್ತಿನಲ್ಲಿ ಎಂಟು ಜೋಡಿ. ಹತ್ತೇ ಬಂದರೆ ಐದು ಜೋಡಿಗೆ ಮುಗಿಯುತ್ತದೆ. 20 ಕಾರು ಬಂದ ದಿನ ಕೊನೆಯ ಅರ್ಹತಾ ಓಟದಲ್ಲಿ 16ನೇ ಸ್ಥಾನಕ್ಕೆ ನಡೆಯುವ ಎಳೆದಾಟ ಇದೆಯಲ್ಲ, ಬಲ್ಲವರಿಗೆ ಅದು ಫೈನಲ್‌ಗಿಂತ ಮೇಲು. ಅದು ಪೂರ್ತಿ ಮಾಯವಾಗುತ್ತದೆ, ಯಾಕೆಂದರೆ ಬಂದವರೆಲ್ಲ ಒಳಗೇ. ಭಾನುವಾರ 14 ಕಾರಿದ್ದರೆ ಮೊದಲಿಬ್ಬರಿಗೆ ಎದುರಾಳಿಯಿಲ್ಲ. ಒಬ್ಬರೇ ಓಡುವಾಗ ಹಸಿರು ದೀಪಕ್ಕೆ ಹೊರಟರೆ ಸಾಕು, ಗೆಲುವು ಬರೆದಾಯಿತು. ಮುಂದಿನ ಸುತ್ತಿನ ಲೇನ್ ಆಯ್ಕೆ ಬೇಕಾದವರು ಪೂರ್ತಿ ಓಡುತ್ತಾರೆ. ಎಂಜಿನ್ ಉಳಿಸಿಕೊಳ್ಳಬೇಕಾದವರು ಅರ್ಧದಲ್ಲೇ ಇಂಧನ ಕತ್ತರಿಸುತ್ತಾರೆ. ಆಗ ಗ್ಯಾಲರಿಯಿಂದ ಏಳುವ ಗೊಣಗಾಟ ಆ ಚಾಲಕರಿಗೆ ಸಲ್ಲಬೇಕಾದದ್ದಲ್ಲ. ಅವರು ಬಂದಿದ್ದಾರೆ.

ಟಿಕೆಟ್ ದುಡ್ಡು ವಾಪಸ್ ಕೊಡಿ ಎನ್ನುವವರಿಗೆ ಸಿಗುವ ಉತ್ತರ ಕಹಿಯಾದದ್ದು: ಟಿಕೆಟ್ ಮಾರುವುದು ಸ್ಪರ್ಧೆಗೆ, ಇಂಥ ಚಾಲಕರು ಬರುತ್ತಾರೆಂಬ ಭರವಸೆಗಲ್ಲ. ಹೊರಡುವ ಮುನ್ನ ಪ್ರವೇಶ ಪಟ್ಟಿ ನೋಡುವುದೊಂದೇ ದಾರಿ.

ಈ ಜಗಳಕ್ಕೆ ವಯಸ್ಸಾಗಿದೆ. 1972ರಲ್ಲಿ ಟಾಪ್ ಫ್ಯೂಯಲ್ ಚಾಲಕ ಡಾನ್ ಗಾರ್ಲಿಟ್ಸ್ ಬಹುಮಾನ ಸಾಲದೆಂದು ಸಿಡಿದು ನಿಂತರು. ಅವರ ಮಾತಿಗೆ ತೂಕವಿತ್ತು. 1970ರಲ್ಲಿ ಗೇರ್‌ಬಾಕ್ಸ್ ಸಿಡಿದು ಬಲಪಾದದ ಭಾಗ ಕಳೆದುಕೊಂಡು, ಮರುವರ್ಷವೇ ಚಾಲಕರ ಬೆನ್ನ ಹಿಂದೆ ಎಂಜಿನ್ ಇಟ್ಟ ಕಾರಿನಲ್ಲಿ ಗೆದ್ದು ತೋರಿಸಿದವರು ಅವರು. ಮನೆಯಲ್ಲಿ ಕೂರಲಿಲ್ಲ, ಇಂಡಿಯಾನಾಪೊಲಿಸ್‌ನ ಯು.ಎಸ್. ನ್ಯಾಷನಲ್ಸ್ ನಡೆಯುವ ಕಾರ್ಮಿಕ ದಿನದ ವಾರಾಂತ್ಯಕ್ಕೇ ಒಕ್ಲಹೋಮದ ಟಲ್ಸಾದಲ್ಲಿ ಎದುರು ಸ್ಪರ್ಧೆ ಹೂಡಿದರು. ಟಾಪ್ ಫ್ಯೂಯಲ್ ಗೆದ್ದವರಿಗೆ ದೊಡ್ಡ ಬಹುಮಾನ. ಎರಡೂ ಊರುಗಳ ನಡುವೆ ಸುಮಾರು 1,000 ಕಿಲೋಮೀಟರ್. ಅಭಿಮಾನಿ ಒಂದನ್ನು ಆರಿಸಿಕೊಳ್ಳಲೇಬೇಕಿತ್ತು. ಆ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಟಾಪ್ ಫ್ಯೂಯಲ್ ಗೆದ್ದದ್ದು ಆಗಿನ್ನೂ ಹೆಸರು ಮಾಡಿರದ ಗ್ಯಾರಿ ಬೆಕ್. ದೊಡ್ಡವರಿಲ್ಲದ್ದರಿಂದ ಗೆದ್ದರು ಎಂದವರಿದ್ದರೆ ಅವರ ಮಾತು ನಿಲ್ಲಲಿಲ್ಲ. ಮರುವರ್ಷವೂ ಅದೇ ನ್ಯಾಷನಲ್ಸ್ ಗೆದ್ದದ್ದು ಬೆಕ್ ಅವರೇ.

2024ರ ಫೆಬ್ರವರಿಯಲ್ಲಿ ತಂಡಗಳ ಮಾಲೀಕರ ಸಂಘಟನೆಯಾದ ಪ್ರೋ ಹಿಡಿದದ್ದು ಇನ್ನೂ ಒಳ್ಳೆಯ ದಾರಿ. ಸರಣಿ ಶುರುವಾಗುವ ಮುನ್ನವೇ ಫ್ಲಾರಿಡಾದ ಬ್ರಾಡೆಂಟನ್‌ನಲ್ಲಿ ತಮ್ಮದೇ ಸ್ಪರ್ಧೆ ನಡೆಸಿದರು. ಟಾಪ್ ಫ್ಯೂಯಲ್ ಮತ್ತು ಫನ್ನಿ ಕಾರ್ ವರ್ಗಗಳ ವಿಜೇತರಿಗೆ ತಲಾ 2,50,000 ಡಾಲರ್, ಪ್ರೋ ಸ್ಟಾಕ್ ವರ್ಗಕ್ಕೆ 1,25,000. ಡಗ್ ಕಲಿಟಾ, ಆಸ್ಟಿನ್ ಪ್ರಾಕ್, ಎರಿಕಾ ಎಂಡರ್ಸ್ ಗೆದ್ದರು. ಯಾವ ಊರಿನ ಪಿಟ್ಟನ್ನೂ ಖಾಲಿ ಮಾಡದೆ, ಬಹುಮಾನ ಎಷ್ಟಿರಬೇಕೆಂದು ತಂಡಗಳು ತೋರಿಸಿದವು. ಅಭಿಮಾನಿ ಇದನ್ನು ಬೆಂಬಲಿಸಲು ಖರ್ಚು ಮಾಡಬೇಕಾದದ್ದು ಒಂದು ಟಿಕೆಟ್, ಅದಕ್ಕೆ ಬದಲಾಗಿ ಕಣ್ಣುರಿಸುವ ನೈಟ್ರೋ ಹೊಗೆಯೂ ಸಿಕ್ಕಿತು.

ದೊಡ್ಡ ತಂಡಗಳು ಬಾರದ ದಿನ ಟ್ರ್ಯಾಕ್‌ನಲ್ಲಿ ಸಿಕ್ಕಿಬಿದ್ದವರು ಮಾಡಬಹುದಾದ ಕೆಲಸ ಇನ್ನೊಂದಿದೆ. ಪಿಟ್‌ನ ತುದಿಯಲ್ಲಿ, ಒಂದೇ ಟ್ರೇಲರಿನ ತಂಡಗಳ ಬಳಿ ಹೋಗಬೇಕು. ಅಲ್ಲಿ ಹೊಸ ರಾಡ್‌ಗಳ ಪೆಟ್ಟಿಗೆ ಸಾಲಾಗಿ ಇರುವುದಿಲ್ಲ. ಯಾವುದನ್ನು ಇನ್ನೊಂದು ಓಟಕ್ಕೆ ನಂಬಬಹುದು ಎಂದು ಮೆಕ್ಯಾನಿಕ್ ಒಂದೊಂದನ್ನೇ ಅಳೆದು ಪಕ್ಕಕ್ಕಿಡುತ್ತಿರುತ್ತಾರೆ. ಅವರ ಟೀ ಶರ್ಟ್ ಒಂದು ಕೊಂಡರೆ ಆ ದುಡ್ಡು ಹೋಗಿ ಬೀಳುವುದು ನೇರ ಮುಂದಿನ ಸೆಟ್ ಸ್ಪಾರ್ಕ್ ಪ್ಲಗ್‌ಗೆ.