ಆಲೆಮನೆಯಲ್ಲಿ ನಾಡಿ ಎಣಿಸಿದ ಒಂದು ದಿನ

ಬೆಳಗಿನ ಜಾವ 4 ಗಂಟೆ, ಜನವರಿ ಚಳಿ. ಮಂಡ್ಯದಿಂದ ಮದ್ದೂರಿನ ಕಡೆಗೆ ಹೋಗುವ ದಾರಿಯಲ್ಲಿ, ಗದ್ದೆ ಬಯಲಿನೊಳಗೆ ಇರುವ ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುತ್ತಿದೆ. ಇಬ್ಬರು ಅಣ್ಣತಮ್ಮಂದಿರಲ್ಲಿ ತಮ್ಮನಾದವನು ಒಲೆಯ ಬಾಯಿಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದಾನೆ. ಪಕ್ಕದ ಕೋಣೆಯಲ್ಲಿ ಅಣ್ಣನಿಗೆ ಗಾಢ ನಿದ್ದೆ. ಮಗ ತಂದುಕೊಟ್ಟ ವಾಚು ಆ ವಾರವೆಲ್ಲ ರಾತ್ರಿ ಹೊತ್ತು ಅಣ್ಣನ ನಾಡಿ ನಿಮಿಷಕ್ಕೆ 48 ಎಂದು ತೋರಿಸಿತ್ತು. "ಐವತ್ತಕ್ಕಿಂತ ಕೆಳೀಕೆ ಬಂದ್ರೆ ಎದೆ ನಿಂತೋಯ್ತದಾ ಸಾರ್?" ಎಂದು ಅಣ್ಣನ ಹೆಂಡತಿ ಕೇಳಿದ ಮೇಲೆ, ಅಣ್ಣ ತಮ್ಮ ಇಬ್ಬರ ನಾಡಿಯನ್ನೂ ಒಂದು ಪೂರ್ತಿ ದಿನ, ಗಂಟೆ ಸಮೇತ ಬರೆದು ನೋಡೋಣ ಎಂದು ನಾವು ಕೂತದ್ದು.

ವಾಚನ್ನೇ ನಂಬಿ ಕೂರುವಂತಿಲ್ಲ. ತೋರುಬೆರಳು, ನಡುಬೆರಳು ಎರಡನ್ನೂ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಹಳ್ಳದಲ್ಲಿ ಹಗುರವಾಗಿ ಇಡಬೇಕು. ಒತ್ತಿದರೆ ರಕ್ತನಾಳ ಮುಚ್ಚಿ ಬಡಿತ ಕಳೆದುಹೋಗುತ್ತದೆ. ಹೆಬ್ಬೆರಳಿನಿಂದ ಹಿಡಿಯಬಾರದು, ಅದಕ್ಕೆ ತನ್ನದೇ ಮಿಡಿತ ಇರುವುದರಿಂದ ಎಣಿಸುವವನ ನಾಡಿಯೇ ಲೆಕ್ಕಕ್ಕೆ ಸೇರೀತು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವವರಿದ್ದಾರೆ. ಅಲ್ಲಿ ಒಂದು ಬಡಿತ ತಪ್ಪಿದರೆ ಲೆಕ್ಕದಲ್ಲಿ ನಾಲ್ಕು ತಪ್ಪುತ್ತದೆ. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸುವುದು ಮೇಲು, ಬಡಿತದ ಲಯ ಏರುಪೇರಾಗಿದ್ದರೆ ಪೂರ್ತಿ 60 ಸೆಕೆಂಡೇ ಆಗಬೇಕು. ಎಚ್ಚರವಿರುವವರು ಅದಕ್ಕೆ ಮುಂಚೆ 5 ನಿಮಿಷ ಮಾತಿಲ್ಲದೆ ಕೂತಿರಬೇಕು. ಮಲಗಿದವರು ಕೈ ಮುಟ್ಟಿದ ಕೂಡಲೇ ಮಗ್ಗುಲು ಬದಲಿಸಿದರೆ ಆ ಎಣಿಕೆಯನ್ನು ಬಿಟ್ಟುಬಿಡಬೇಕು, ಅರೆಎಚ್ಚರಕ್ಕೇ ನಾಡಿ ಜಿಗಿಯುತ್ತದೆ.

4 ಗಂಟೆಗೆ ಅಣ್ಣನದು 50. ಒಲೆ ಬಿಟ್ಟು ಬಂದು 10 ನಿಮಿಷ ಕೂತ ತಮ್ಮನದು 76.

ಹೃದಯದ ಮೇಲ್ಭಾಗದಲ್ಲಿ ಬಡಿತ ಹುಟ್ಟಿಸುವ ಸಣ್ಣ ಗಂಟೊಂದಿದೆ. ಯಾರ ಹಿಡಿತವೂ ಇಲ್ಲದೆ ಬಿಟ್ಟರೆ ಅದು ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಮೆದುಳಿನಿಂದ ಇಳಿದು ಬರುವ ವೇಗಸ್ ನರ ಅದನ್ನು ಮೂಗುದಾರದ ಹಾಗೆ ಹಿಡಿದೆಳೆಯುತ್ತದೆ. ನಿದ್ದೆಯಲ್ಲಿ ಆ ಹಿಡಿತ ಬಿಗಿ. ಮೈಶಾಖ ದಿನದಲ್ಲೇ ಅತಿ ಕೆಳಗಿಳಿಯುವ ಹೊತ್ತೂ ಈ ಜಾವವೇ. ಗದ್ದೆಯಲ್ಲಿ ದುಡಿದು ಗಟ್ಟಿಯಾದ 54 ವರ್ಷದ ದೇಹಕ್ಕೆ ಈ ಹೊತ್ತಿನ 50 ಭಯಪಡುವ ಸಂಖ್ಯೆಯಲ್ಲ. ಎಚ್ಚರವಾಗಿ ಕೂತಿರುವಾಗಲೂ 50ರ ಕೆಳಗಿದ್ದು, ಜೊತೆಗೆ ತಲೆಸುತ್ತು, ಕಣ್ಣು ಕತ್ತಲೆ, ಏದುಸಿರು ಬಂದರೆ ಮಾತ್ರ ಬೇರೆ ಮಾತು. ಆಗ ಅವತ್ತೇ ಇಸಿಜಿ ಮಾಡಿಸಬೇಕು. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ನುಂಗುವವರಿಗೆ ನಾಡಿ ಇಳಿದೇ ಇರುತ್ತದೆ. ಅದನ್ನು ಕೇಳಿ ತಿಳಿಯದೆ ಸಂಖ್ಯೆಯ ಬಗ್ಗೆ ತೀರ್ಪು ಕೊಡಬಾರದು. ಅಣ್ಣ ಯಾವ ಮಾತ್ರೆಯನ್ನೂ ತಗೊಳ್ಳುತ್ತಿರಲಿಲ್ಲ.

ಆರೂವರೆಗೆ ಅಣ್ಣ ಎದ್ದ. ಹಾಸಿಗೆಯಲ್ಲಿ ಕೂತಾಗ 64, ನಿಂತ ಒಂದು ನಿಮಿಷಕ್ಕೆ 78. ನಿಂತೊಡನೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಯ ಕಡೆಗೆ ಇಳಿಯುತ್ತದೆ. ತಲೆಗೆ ಕೊರತೆಯಾಗದಂತೆ ಹೃದಯ 10ರಿಂದ 15 ಬಡಿತ ಜಾಸ್ತಿ ಮಾಡಿಕೊಳ್ಳುತ್ತದೆ. ಏಳುವ ಹೊತ್ತಿಗೆ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತಿರುತ್ತದೆ, ರಕ್ತದೊತ್ತಡವೂ ಅದರ ಜೊತೆಗೇ ಮೇಲೇಳುತ್ತದೆ. ಹೃದಯಾಘಾತಗಳು ಬೆಳಿಗ್ಗೆ 6ರಿಂದ ಮಧ್ಯಾಹ್ನದೊಳಗೆ ಹೆಚ್ಚು ಎಂದು 1985ರಲ್ಲೇ ಅಮೆರಿಕದ ಅಧ್ಯಯನವೊಂದು ತೋರಿಸಿತ್ತು. ಮೊದಲೇ ಹೃದಯದ ತೊಂದರೆ ಇರುವವರು ಎದ್ದವರೇ ದಡಬಡ ಹೊರೆ ಹೊರುವ ಬದಲು ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು ಏಳಲಿ.

ನಮಗೆ ಹೆಚ್ಚು ಕಾಳಜಿ ಹುಟ್ಟಿಸಿದ್ದು ತಮ್ಮನ ಲೆಕ್ಕ. ರಾತ್ರಿ ದುಡಿದು ಬೆಳಿಗ್ಗೆ 9ಕ್ಕೆ ಮಲಗಿದ ಅವನ ನಾಡಿ 11 ಗಂಟೆಗೆ 64. ಅಣ್ಣನ ಹಾಗೆ ಐವತ್ತರ ಹತ್ತಿರಕ್ಕೆ ಇಳಿಯಲೇ ಇಲ್ಲ. ಮೆದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿರುವ ಗಡಿಯಾರ ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ಹೊತ್ತು ತಿದ್ದಿಕೊಳ್ಳುತ್ತದೆ, ಹೃದಯದ ಜೀವಕೋಶಗಳಲ್ಲೂ ಅಂಥದೇ ಸಣ್ಣ ಗಡಿಯಾರಗಳಿವೆ. ರಾತ್ರಿ ದುಡಿದ ಮಾತ್ರಕ್ಕೆ ಅವು ಮಗುಚಿಕೊಳ್ಳುವುದಿಲ್ಲ, ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಯುತ್ತವೆ. ಹಾಗಂತ ಎಲ್ಲವನ್ನೂ ಗಡಿಯಾರದ ಮೇಲೇ ಹೊರಿಸಲಾಗದು. ತಲೆಯ ಮೇಲೆ ಕಾದ ಶೀಟು, ಹೊರಗೆ ಗಾಣದ ಸದ್ದು, ಬೆಳಿಗ್ಗೆ 5ಕ್ಕೆ ಕುಡಿದ ಎರಡು ಲೋಟ ಟೀ. ಟೀಯಲ್ಲಿರುವ ಕೆಫೀನ್ ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು, ಅಂದರೆ ಅವನು ಮಲಗಿದಾಗ ಅರ್ಧಕ್ಕಿಂತ ಹೆಚ್ಚು ಮೈಯಲ್ಲೇ ಇತ್ತು. ಕಿಟಕಿಗೆ ದಪ್ಪ ಗೋಣಿಚೀಲ ಕಟ್ಟಿಸಿದೆವು, ಕೊನೆಯ ಟೀ ರಾತ್ರಿ 1 ಗಂಟೆಗೇ ಮುಗಿಸಲು ಹೇಳಿದೆವು. ಒಂದು ದಿನ ರಾತ್ರಿ, ಒಂದು ದಿನ ಹಗಲು ಎಂದು ಪಾಳಿ ಬದಲಿಸುವುದನ್ನು ಬಿಡಿಸಿದೆವು. ಮೈಗೆ ಅದು ಕಷ್ಟದ ಏರ್ಪಾಡು.

ಮಧ್ಯಾಹ್ನ ಮುದ್ದೆ ಉಂಡ ಮೇಲೆ ಅಣ್ಣನದು 82. ಜೀರ್ಣಕ್ಕೆ ರಕ್ತ ಹರಿಯಬೇಕಾದ್ದರಿಂದ ಊಟದ ನಂತರ ಒಂದೆರಡು ಗಂಟೆ ನಾಡಿ ಏರಿರುವುದು ಸಹಜ. ಹೋಲಿಸಿ ನೋಡಲು ಆ ಹೊತ್ತಿನ ಎಣಿಕೆ ಬೇಡ. ಸಂಜೆ 5ಕ್ಕೆ ಕೂತಾಗ 74.

ರಾತ್ರಿ ಒಲೆಯ ಮುಂದೆ ವಾಚನ್ನು ತಮ್ಮನಿಗೆ ಕಟ್ಟಿದಾಗ 128 ತೋರಿಸಿತು. ಬೆರಳಿಗೆ ಸಿಕ್ಕಿದ್ದು 104. ವಾಚು ಹಸಿರು ಬೆಳಕು ಬಿಟ್ಟು ಚರ್ಮದಡಿಯ ರಕ್ತದ ಏರಿಳಿತವನ್ನು ಓದುತ್ತದೆ. ಪಟ್ಟಿ ಸಡಿಲವಿದ್ದು, ಬೆವರು ಸೇರಿ, ಕೈ ಒಂದೇ ಲಯದಲ್ಲಿ ಸಿಪ್ಪೆ ತಳ್ಳುತ್ತಿದ್ದರೆ ಆ ಲಯವನ್ನೇ ನಾಡಿ ಎಂದು ಎಣಿಸಿಬಿಡುತ್ತದೆ. ಬೆವರು ಒರೆಸಿ, ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲಕ್ಕೆ ಬಿಗಿಯಾಗಿ ಕಟ್ಟಿ, ಕೆಲಸ ನಿಲ್ಲಿಸಿ ನೋಡಿದಾಗ ಬೆರಳಿನ ಲೆಕ್ಕಕ್ಕೆ ಹೊಂದಿತು.

ಮಾರನೆ ಬೆಳಿಗ್ಗೆ ಮಗ ಫೋನು ಹಿಡಿದು, "ಅವ್ವಾ, ಅಪ್ಪಂದು ಮತ್ತೆ ನಲವತ್ತೆಂಟು ಬಂದೈತೆ" ಅಂದ. ಆಕೆ ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆಯೆತ್ತಿ ಕೇಳಿದಳು, "ಎಷ್ಟೊತ್ತಲ್ಲಿ ಮಗಾ?"