ಬಾಜಿರಾವ್ ಕಾರ್ಡುಗಳು: ಆರನೇ ವಾರ

ಈ ವಾರ ಮುಗಿದದ್ದು ಒಂದೇ ಕಾರ್ಡು. ಅದನ್ನೂ ಮೂರು ಸಲ ಬರೆದೆ.

ಹೊಸಬರಿಗೆ: ಪುಣೆಯ ಕೊನೆಯ ಪೇಶ್ವೆ, ಅಂದರೆ ಮರಾಠರ ಪ್ರಧಾನಿ, ಎರಡನೇ ಬಾಜಿರಾವ್ ಮೇಲಿನ ಒಂದೊಂದು ಆರೋಪಕ್ಕೂ ಒಂದೊಂದು ಕಾರ್ಡು. ಆ ದಿನ ಅವನಿಗೆ ಗೊತ್ತಿದ್ದದ್ದು ನೀಲಿ ಶಾಯಿಯಲ್ಲಿ, ನಮಗೆ ಆಮೇಲೆ ತಿಳಿದದ್ದು ಕೆಂಪಿನಲ್ಲಿ. ತೀರ್ಪು ನೀಲಿ ನೋಡಿ ಮಾತ್ರ.

ಈ ಸಲದ್ದು 1802ರ ಡಿಸೆಂಬರ್ 31ರ ವಸಾಯಿ ಒಪ್ಪಂದ. ಶಾಲೆಯಲ್ಲಿ ನಾವು ಓದಿದ ಬೆಸ್ಸೀನ್. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ 6000 ಸಿಪಾಯಿಗಳನ್ನು ಇಟ್ಟುಕೊಳ್ಳಬೇಕು, ಅವರ ಖರ್ಚಿಗೆ 26 ಲಕ್ಷ ಹುಟ್ಟುವಳಿಯ ಸೀಮೆ ಬಿಟ್ಟುಕೊಡಬೇಕು. ‘ದೇಶ ಮಾರಿದ’ ಅನ್ನುವುದು ಇದಕ್ಕೇ.

ನೀಲಿ ಭಾಗ ಬೇರೆಯೇ ಹೇಳುತ್ತದೆ. ಅಕ್ಟೋಬರ್ 25ಕ್ಕೆ ಹಡಪ್ಸರ್ ಹತ್ತಿರ ಮರಾಠಾ ಸರದಾರ ಯಶವಂತರಾವ್ ಹೋಳ್ಕರ್ ಕೈಯಲ್ಲಿ ಪೇಶ್ವೆಯ ಸೈನ್ಯ, ಇನ್ನೊಬ್ಬ ಸರದಾರ ಶಿಂಧೆಯ ಸೈನ್ಯ ಎರಡೂ ಸೋತವು. ಬಾಜಿರಾವ್ ಊರು ಬಿಟ್ಟು ಓಡಿದ. ಗಾದಿಗೆ ಅವನ ದತ್ತು ಅಣ್ಣ ಅಮೃತರಾವನ ಮಗ ಬಂದ. ಇಂಥದ್ದೇ ಒಪ್ಪಂದಕ್ಕೆ ನಿಜಾಮ 1798ರಲ್ಲೇ ಸಹಿ ಹಾಕಿದ್ದ. ‘ಬೇರೆ ದಾರಿ ಇರಲಿಲ್ಲ’ ಎಂದು ಬರೆದು ಪೆನ್ನು ಮುಚ್ಚಿದೆ.

ಕೆಳಗಿನ ಮನೆಯ ಮರಾಠಿ ಕಾಕಾಗೆ ಓದಿ ಹೇಳಿದೆ. ಚಹಾ ಊದುತ್ತಾ, ‘ಪಳಪುಟಾ’ ಅಂದರು. ಓಡಿಹೋಗುವವನು ಅಂತ. ಆಮೇಲೆ ಒಂದೇ ಪ್ರಶ್ನೆ: ‘ಹೋಳ್ಕರ್ ಪುಣೆಗೆ ಸುಮ್ನೆ ಬಂದನೇನು?’

ಅಲ್ವಾ! 1801ರಲ್ಲಿ ಯಶವಂತರಾವನ ಸೋದರ ವಿಠೋಜಿಯನ್ನು ಇದೇ ಪುಣೆಯಲ್ಲಿ ಆನೆ ಕಾಲಿಗೆ ಕಟ್ಟಿ ಎಳೆಸಿ ಕೊಲ್ಲಿಸಿದ್ದು ಬಾಜಿರಾವನೇ. ನನ್ನ ನೀಲಿ ಶಾಯಿ ಒಂದು ವರ್ಷ ತಡವಾಗಿ ಶುರುವಾಗಿತ್ತು. ಹರಿದೆ, ಮತ್ತೆ ಬರೆದೆ. ಈಗ ಕಾರ್ಡಿನಲ್ಲಿ ಇರುವುದಿಷ್ಟು: 1802ರ ಸಹಿಗೆ ದ್ರೋಹಿ ಅನ್ನಲಾರೆ, 1801ರ ಕ್ರೌರ್ಯಕ್ಕೆ ಮಾಫಿ ಇಲ್ಲ. ವಿಚಿತ್ರ ಅಂದರೆ ಜನ ಅವನನ್ನು ಬೈಯುವುದು ಜಾಸ್ತಿ ಮೊದಲನೆಯದಕ್ಕೇ.

ಭಾನುವಾರ ಪುಣೆಯ ಪರ್ವತಿ ಗುಡ್ಡ ಹತ್ತಿದೆ. 1817ರ ನವೆಂಬರ್ 5ರಂದು ಖಡಕಿ ಯುದ್ಧವನ್ನು ಅವನು ನೋಡಿದ್ದು ಇಲ್ಲಿಂದಲೇ ಎನ್ನುತ್ತಾರೆ. ನನಗೆ ಕಂಡದ್ದು ಕಟ್ಟಡಗಳು, ತಾರಸಿ ಮೇಲಿನ ಕಪ್ಪು ಟ್ಯಾಂಕುಗಳು. ಫೋಟೋ ಕೂಡ ಮಸುಕು. ಆದರೂ ಒಂದು ಮಾತು ನೀಲಿಯಲ್ಲಿ ಸೇರಿತು: ಇಂಗ್ಲಿಷರ ಮೇಲೆ ಕೊನೆಗೆ ಸೈನ್ಯ ಕಳಿಸಿದವನೂ ಇವನೇ.

ಮುಂದಿನ ಕಾರ್ಡು 1817ರ ಜೂನ್ ತಿಂಗಳ ಪುಣೆ ಒಪ್ಪಂದ. ಧಾರವಾಡ ಕಂಪನಿ ಕೈಗೆ ಹೋದದ್ದು ಅದರಲ್ಲೇ. ನಾನು ಧಾರವಾಡದವನು. ತಲೆಬರಹ ಬರೆಯುವಾಗಲೇ ಕೈ ಕೆಂಪು ಪೆನ್ನಿಗೆ ಹೋಯಿತು. ಹಾಗಾಗಿ ಆ ಕಾರ್ಡನ್ನು ಮೈಸೂರಿನ ಭಾವನಿಗೆ ದಾಟಿಸಿದ್ದೇನೆ.