ಕಸಬರಿಗೆ ಹಿಡಿದ ಸಂತ

ನಾನು ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ. ಪಕ್ಕದ ಮನೆಯವರು ಗೋವಾ ಕಡೆಯ ಕ್ಯಾಥೊಲಿಕರು. ಆಂಟಿಯ ಅಡುಗೆಮನೆ ಗೋಡೆಗೆ ಒಂದು ಸಣ್ಣ ಫೋಟೊ ಇತ್ತು. ಕಪ್ಪು ಮೈಬಣ್ಣದ ಮನುಷ್ಯ, ಬಿಳಿ ನಿಲುವಂಗಿ, ಅದರ ಮೇಲೆ ಕರಿ ಬಟ್ಟೆ, ಕೈಯಲ್ಲಿ ಕಸಬರಿಗೆ. ಕಾಲ ಹತ್ತಿರ ನಾಯಿ, ಬೆಕ್ಕು, ಇಲಿ ಮೂರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವು. ದೇವರ ಫೋಟೊಗಳಲ್ಲಿ ತ್ರಿಶೂಲ ನೋಡಿದ್ದೆ, ವೀಣೆ ನೋಡಿದ್ದೆ. ಕಸಬರಿಗೆ ಎಲ್ಲೂ ನೋಡಿರಲಿಲ್ಲ.

"ಇವರು ಯಾರ್ರಿ ಆಂಟಿ?" ಅಂತ ಕೇಳಿದ್ದಕ್ಕೆ ಆಂಟಿ ರೊಟ್ಟಿ ಬಡಿಯುತ್ತಲೇ, "ಮಾರ್ಟಿನ್ ಅಂತ ನೋಡವಾ. ಕಸಾ ಹೊಡ್ಕೋತನ ಸಂತ ಆದಂವಾ" ಅಂದರು.

ಆಮೇಲೆ ಎಷ್ಟೋ ವರ್ಷ ಬಿಟ್ಟು ಓದಿದೆ. ಮಾರ್ಟಿನ್ ದಿ ಪೋರೆಸ್ ಹುಟ್ಟಿದ್ದು 1579ರಲ್ಲಿ, ಪೆರುವಿನ ಲಿಮಾ ಊರಲ್ಲಿ. ಆಗ ಅಲ್ಲಿ ಸ್ಪೇನಿನವರ ಆಳ್ವಿಕೆ. ಅಪ್ಪ ಸ್ಪೇನಿನ ದೊಡ್ಡ ಮನೆತನದವನು, ಅಮ್ಮ ಆನಾ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಹೆಂಗಸು. ಚರ್ಚಿನ ದಾಖಲೆಯಲ್ಲಿ ಮಗುವಿನ ತಂದೆ ಯಾರೆಂದು ಗೊತ್ತಿಲ್ಲ ಅಂತ ಬರೆಸಿದರು. ಹನ್ನೆರಡರ ಸುಮಾರಿಗೆ ಹುಡುಗ ಒಬ್ಬ ಕ್ಷೌರಿಕನ ಕೈಕೆಳಗೆ ಕೆಲಸ ಕಲಿಯಲು ಹೋದ. ಆ ಕಾಲಕ್ಕೆ ಅವರೇ ಗಾಯಕ್ಕೆ ಪಟ್ಟಿ ಕಟ್ಟುವವರು, ಅವರೇ ಕೆಟ್ಟ ರಕ್ತ ತೆಗೆಯುವವರು. ಹದಿನೈದಕ್ಕೆ ಡೊಮಿನಿಕನ್ ಅನ್ನೋ ಕ್ಯಾಥೊಲಿಕ್ ಸನ್ಯಾಸಿಗಳ ಮಠ ಸೇರಿದ, ಅದೂ ಆಳಾಗಿ. ಕಪ್ಪು ರಕ್ತ ಇದ್ದವರು ಪೂರ್ತಿ ಸನ್ಯಾಸಿಯಾಗುವಂತಿರಲಿಲ್ಲ, ಅಂಥ ನಿಯಮ ಇತ್ತು. 1603ರಲ್ಲಿ ಸಹೋದರನಾಗಿ, ಅಂದರೆ ಪಾದ್ರಿಯಲ್ಲದ ಸನ್ಯಾಸಿಯಾಗಿ, ವ್ರತ ತೆಗೆದುಕೊಳ್ಳಲು ಒಪ್ಪಿದರು.

ಮಾರ್ಟಿನ್ ಕಸ ಹೊಡೆದರು, ಬಟ್ಟೆ ಒಗೆದರು, ರೋಗಿಗಳ ಹುಣ್ಣು ತೊಳೆದರು, ಬೀದಿ ಮಕ್ಕಳಿಗೆ ಅಂತ ಒಂದು ಮನೆ ಕಟ್ಟಿಸಿದರು. ಒಮ್ಮೆ ಮೈತುಂಬ ಹುಣ್ಣಾಗಿದ್ದ ಮುದಿ ಭಿಕ್ಷುಕನೊಬ್ಬನನ್ನು ಎತ್ತಿಕೊಂಡು ಬಂದು ತಮ್ಮ ಹಾಸಿಗೆಯಲ್ಲೇ ಮಲಗಿಸಿದ್ದರಂತೆ. ಮಠದ ಒಬ್ಬರು ಹೊಲಸಾಯಿತು ಅಂತ ಬೈದದ್ದಕ್ಕೆ, ಹೊದಿಕೆಯನ್ನು ಸೋಪು ಹಚ್ಚಿ ಒಗೆಯಬಹುದು, ಕರುಣೆ ಇಲ್ಲದ ಮನಸ್ಸನ್ನು ಹೆಂಗೆ ಒಗೆಯೋದು ಅಂದರಂತೆ. ಮಠ ಸಾಲದಲ್ಲಿ ಮುಳುಗಿದಾಗ ನನ್ನನ್ನೇ ಮಾರಿಬಿಡಿ ಅಂದರು ಅನ್ನೋ ಕತೆಯೂ ಇದೆ. ಅದನ್ನು ಓದಿ ನನಗೆ ಸಂಕಟವಾಯಿತು. ಎಲ್ಲರೂ ಅದನ್ನು ವಿನಯ ಅಂತಾರೆ. ಮನುಷ್ಯರನ್ನು ಮಾರೋ ಪೇಟೆ ಇದ್ದ ಊರಲ್ಲಿ ಆ ಮಾತು ಬರೀ ವಿನಯ ಅಲ್ಲ ಅಲ್ವಾ? ಅವರಮ್ಮನಿಗೂ ಒಂದು ಕಾಲಕ್ಕೆ ಬೆಲೆ ಕಟ್ಟಿದ್ದರು. ಮಾರ್ಟಿನ್ ತೀರಿಕೊಂಡದ್ದು 1639ರಲ್ಲಿ, ಸಂತ ಅಂತ ಘೋಷಿಸಿದ್ದು 1962ರಲ್ಲಿ.

ಅದೇ ಕಾಲದ ಇನ್ನೊಬ್ಬರು ಪೀಟರ್ ಕ್ಲೇವರ್. ಸ್ಪೇನಿನವರು, ಜೆಸ್ವಿಟ್ ಅನ್ನೋ ಕ್ಯಾಥೊಲಿಕ್ ಸಂಸ್ಥೆಯ ಪಾದ್ರಿ. 1610ರಲ್ಲಿ ಈಗಿನ ಕೊಲಂಬಿಯಾದ ಕಾರ್ತಹೇನಾ ಬಂದರಿಗೆ ಬಂದರು. ಆಫ್ರಿಕಾದಿಂದ ಗುಲಾಮರನ್ನು ತುಂಬಿಕೊಂಡು ಬರುವ ಹಡಗುಗಳು ಅಲ್ಲಿ ಬಂದು ನಿಲ್ಲುತ್ತಿದ್ದವು. 1627ರ ಮೇ ತಿಂಗಳಲ್ಲಿ ಅವರು ಬರೆದ ಒಂದು ಪತ್ರ ಇದೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಿತ್ತಳೆ, ನಿಂಬೆಹಣ್ಣು, ಬಿಸ್ಕತ್ತು ಹೊತ್ತುಕೊಂಡು ಗುಲಾಮರನ್ನು ಇಳಿಸಿದ ಗುಡಿಸಲಿಗೆ ಹೋಗ್ತಾರೆ. ರೋಗಿಗಳು ಬರಿ ಮೈಯಲ್ಲಿ ಹಸಿ ನೆಲದ ಮೇಲೆ ಬಿದ್ದಿದ್ದಾರೆ. ನೀರಿನ ಜೌಗು ತಾಗದಿರಲಿ ಅಂತ ಒಡೆದ ಹೆಂಚು, ಇಟ್ಟಿಗೆ ಚೂರು ರಾಶಿ ಹಾಕಿದ್ದಾರೆ, ಅದೇ ಅವರ ಹಾಸಿಗೆ. ಇಬ್ಬರು ಸಾಯುವ ಹಂತದಲ್ಲಿದ್ದಾರೆ, ಮೈ ತಣ್ಣಗಾಗಿದೆ, ನಾಡಿ ಸಿಗುತ್ತಿಲ್ಲ. ಇವರು ಹೆಂಚಿನ ಮೇಲೆ ಕೆಂಡ ಹಾಕಿ, ಪರಿಮಳದ ಪುಡಿ ಉದುರಿಸಿ, ತಮ್ಮ ಮೇಲಂಗಿಗಳನ್ನೇ ಹೊದಿಸಿ ಹೊಗೆ ಕೊಡ್ತಾರೆ. ನಮ್ಮ ಕಡೆ ಬಾಣಂತಿಗೆ ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಕೊಡ್ತಾರಲ್ಲ, ಹಂಗೆ. ಸ್ವಲ್ಪ ಹೊತ್ತಿಗೆ ಇಬ್ಬರಿಗೂ ಮೈ ಬಿಸಿಯಾಯಿತು, ಉಸಿರು ಬಂತು. ಅವರ ಜೊತೆ ನಾವು ಬಾಯಿಂದಲ್ಲ, ಕೈಯಿಂದ ಮಾತಾಡಿದೆವು ಅಂತ ಪಾದ್ರಿ ಬರೀತಾರೆ.

ಧರ್ಮ ಹೇಳಿಕೊಟ್ಟದ್ದು ಆಮೇಲೆ. ಸುಮಾರು ಮೂರು ಲಕ್ಷ ಜನರಿಗೆ ದೀಕ್ಷೆ ಕೊಟ್ಟರು ಅಂತಾರೆ. ನನಗೆ ಆ ಲೆಕ್ಕಕ್ಕಿಂತ ಆ ಕೆಂಡವೇ ಜಾಸ್ತಿ ನೆನಪಲ್ಲಿ ಉಳಿದಿದೆ.

ಆದರೆ ಒಂದು ಮಾತು ಮುಚ್ಚಿಡಬಾರದು. ಗುಲಾಮರನ್ನು ತಂದವರೂ, ಕೊಂಡವರೂ ಅದೇ ಶಿಲುಬೆಗೆ ಕೈ ಮುಗಿಯುವವರು. ಕ್ಲೇವರ್ ಜೊತೆ ಆಫ್ರಿಕಾದ ಭಾಷೆಗಳಲ್ಲಿ ಮಾತಾಡಲು ಹೋಗುತ್ತಿದ್ದ ದುಭಾಷಿಗಳೂ ಅವರ ಸಂಸ್ಥೆ ಕೊಂಡ ಗುಲಾಮರೇ. ಹಡಗು ಬರುವುದನ್ನು ಅವರು ನಿಲ್ಲಿಸಲಿಲ್ಲ, ನಿಲ್ಲಿಸಲು ಆಗುತ್ತಲೂ ಇರಲಿಲ್ಲ. ಇದಕ್ಕೆ ಅವರನ್ನು ಕ್ಷಮಿಸಬೇಕೋ ಬೇಡವೋ ಅಂತ ಹೇಳೋಕೆ ನಾನು ಯಾರು? ಹೆಂಚಿನ ಮೇಲೆ ಬಿದ್ದಿದ್ದವರಿಗೆ ಆ ದಿನ ಹೊದಿಕೆ ಕೊಟ್ಟವರು ಆ ಊರಲ್ಲಿ ಎಷ್ಟು ಜನ ಇದ್ದರು, ಅದನ್ನು ಮಾತ್ರ ಯೋಚಿಸ್ತೀನಿ.

ನಮ್ಮ ಹತ್ತಿರದವರೂ ಒಬ್ಬರಿದ್ದಾರೆ, ಗೋವಾದ ಜೋಸೆಫ್ ವಾಜ್. ಆಂಟಿ ಇವರನ್ನು ನಮ್ಮವರು ಅಂತಲೇ ಹೇಳುತ್ತಿದ್ದರು. ಪೋರ್ಚುಗೀಸರ ಕಾಲದಲ್ಲಿ ಯುರೋಪಿನವರ ಮಠಗಳು ನಮ್ಮ ಜನರನ್ನು ಸೇರಿಸಿಕೊಳ್ಳುತ್ತಿರಲಿಲ್ಲ, ಹಾಗಾಗಿ ಗೋವಾದ ಪಾದ್ರಿಗಳು ತಮ್ಮದೇ ಒಂದು ಸಂಘ ಮಾಡಿಕೊಂಡರು, ವಾಜ್ ಸೇರಿದ್ದು ಅದಕ್ಕೇ. ವಾಜ್ 1681ರಿಂದ ಮೂರು ವರ್ಷ ನಮ್ಮ ಕರಾವಳಿಯಲ್ಲೂ ಓಡಾಡಿದ್ದಾರೆ. ಆಮೇಲೆ ಕೂಲಿಯವನ ವೇಷ ಹಾಕಿ, ಕ್ಯಾಥೊಲಿಕ್ ಪಾದ್ರಿಗಳನ್ನು ಒಳಗೆ ಬಿಡದ ಡಚ್ಚರ ಕಣ್ಣು ತಪ್ಪಿಸಿ ಶ್ರೀಲಂಕಾಕ್ಕೆ ಹೋದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಬಂದು ಜನ ಮನೆಯವರನ್ನೇ ಬಿಟ್ಟು ಓಡಿದಾಗ ಇವರು ಅಲ್ಲೇ ಉಳಿದು ರೋಗಿಗಳನ್ನು ನೋಡಿಕೊಂಡರು. ಸಂತ ಪದವಿ ಸಿಕ್ಕಿದ್ದು 2015ರಲ್ಲಿ.

ಮತ್ತೆ ಆ ಅಡುಗೆಮನೆಗೆ ಬರ್ತೀನಿ. ನಮ್ಮ ಓಣಿ ಕಸ ಹೊಡೆಯಲು ಒಬ್ಬ ಅಕ್ಕ ಬರುತ್ತಿದ್ದಳು. ನಮ್ಮ ಮನೆಯಲ್ಲಿ ಅವಳಿಗೆ ಬೇರೆ ಲೋಟ. ಕಂಪೌಂಡ್ ಗೋಡೆ ಮೇಲೆ ಬೋರಲು ಹಾಕಿ ಇಟ್ಟಿರುತ್ತಿದ್ದರು. ಅವಳು ಅದನ್ನು ತಾನೇ ತೊಳೆದು ಹಿಡಿದರೆ ಅವ್ವ ಮೇಲಿನಿಂದ ಚಹಾ ಸುರಿಯುತ್ತಿದ್ದಳು. ಆಂಟಿ ಮಾತ್ರ ಅವಳನ್ನು ಒಳಗೆ ಕರೆದು, ಆ ಫೋಟೊದ ಕೆಳಗಿನ ಸ್ಟೂಲ್ ಮೇಲೆ ಕೂಡಿಸಿ, ನನಗೆ ಕೊಡುವ ಹೂವಿನ ಚಿತ್ರದ ಕಪ್ಪಿನಲ್ಲೇ ಚಹಾ ಕೊಡುತ್ತಿದ್ದರು. ಆಂಟಿ ತೊಳೆದ ಕಪ್ಪುಗಳಲ್ಲಿ ಯಾವುದು ಅವಳದು, ಯಾವುದು ನನ್ನದು ಅಂತ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಇದನ್ನು ಅವ್ವನಿಗೆ ಹೇಳಿದೆ. ಅವ್ವ ಏನೂ ಅನ್ನಲಿಲ್ಲ, ಒಲೆ ಕಡೆ ತಿರುಗಿದಳು. ನಾವು ಆ ಕ್ವಾರ್ಟರ್ಸ್ ಬಿಡುವವರೆಗೂ ಲೋಟ ಗೋಡೆ ಮೇಲೇ ಇತ್ತು.